ಬಂದೂಕದ ತೂಕವನ್ನು ಕುರಿತು
(ಹಿರೇಹಡಗಲಿಯಲ್ಲಿ ಜಮೀನುದಾರರನ್ನೂ ಗೌಡರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)



ಜೋಳ, ಶೇಂಗಾ ಹೊಲಗಳಿಗೆ ನುಗ್ಗುವ ಚಿಗರಿಗಳ ಕಾಟವನ್ನು ಹೇಳಿಕೊಂಡು, ಜಿಂಕೆ ಬೇಟೆಯ ರೈಫಲು ಎಷ್ಟು ತೂಕದ್ದಿರಬೇಕೆಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿರುವಿರಿ. ಹಗುರವಾದಷ್ಟೂ ಉತ್ತಮವೆಂಬ ಭಾವನೆ ಬಹುಮಂದಿಗೆ ಉಂಟು. ಅದು ಸರಿಯಲ್ಲ.

ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಜಿಂಕೆಯ ಬೆನ್ನು ಹತ್ತಿ ದಿನವೆಲ್ಲ ತೆವಳುವವನಿಗೆ ದುರ್ಬೀನು ಸಮೇತ 8ರಿಂದ 9 ಪೌಂಡು, ಅಂದರೆ ಸುಮಾರು 4 ಕಿಲೋ, ಹಿತವಾದ ಭಾರ. ಇದಕ್ಕಿಂತ ಬಹಳ ಹಗುರವಾದರೆ ನಡೆಯುವಾಗ ಹೆಗಲಿಗೆ ಸುಖವೇ. ಆದರೆ ಅದೇ ತೋಟಾಕ್ಕೆ ಒದೆತ ಹೆಚ್ಚು. ಏದುಸಿರಿನಲ್ಲಿ ನಳಿಗೆ ನಡುಗಿ, ಗುರಿ ತಪ್ಪಿ, ಪ್ರಾಣಿಯು ಗಾಯಗೊಂಡು ಓಡಿಹೋಗುವುದು. ದಖ್ಖಣದ ಎರೆಬಯಲುಗಳಲ್ಲಿ ಹಿಂದೆ ಬೇಟೆಗಾರರು ಎತ್ತಿನ ಗಾಡಿಯ ಮರೆಯಲ್ಲಿ ಚಿಗರಿಯನ್ನು ಸಮೀಪಿಸುತ್ತಿದ್ದರು. ಅವರಿಗೆ ಭಾರದ ಚಿಂತೆ ಅಷ್ಟಿರಲಿಲ್ಲ.

ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಚಿಗರಿಯಿದೆ. ಬೆಳೆ ತಿಂದಿತೆಂಬುದು ಅದನ್ನು ಕೊಲ್ಲಲು ಕಾರಣವಾಗದು. ಹೊಳೆಯಾಚೆ ರಾಣಿಬೆನ್ನೂರಿನಲ್ಲಿ 1974ರಿಂದ ಅದಕ್ಕೆ ಅಭಯಾರಣ್ಯವೇ ಉಂಟು. ಆದುದರಿಂದ ರೈಫಲಿಗೆ ಹಣ ಸುರಿಯಬೇಡಿರಿ.

ಬೆಳೆ ಕಾಯುವುದಕ್ಕಾಗಿ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಕ್ಕೆ ಪರವಾನಗಿ ಕೊಡಲು 1959ರ ಆಯುಧ ಕಾಯಿದೆಯಲ್ಲಿ ಅವಕಾಶವಿದೆ. ಕೊಳ್ಳುವಾಗ ಹೆಗಲಿಗೇರಿಸಿ ಇಪ್ಪತ್ತು ಎಣಿಸುವವರೆಗೆ ಹಿಡಿದುನೋಡಿರಿ. ನಳಿಗೆಯ ತುದಿ ತೂಗಾಡಿದರೆ ಅದು ನಿಮಗೆ ಭಾರವೆಂದೇ ತಿಳಿಯಿರಿ. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರೇ ಹಿಡಿದುನೋಡತಕ್ಕದ್ದು. ಆಳಿನ ಕೈಗೆ ಕೊಟ್ಟು ನೋಡಿದರೆ ಪ್ರಯೋಜನವಿಲ್ಲ, ಆಮೇಲೆ ಹೊಲಕ್ಕೆ ಅವನ ಕೈಯಲ್ಲಿ ಕೊಟ್ಟು ಕಳುಹಿಸುವುದಂತೂ ಕೂಡದು. ಅಟ್ಟಣಿಗೆಯ ಮೇಲಿನಿಂದ ಬರಿಯ ಮದ್ದಿನ ಸದ್ದು ಮಾಡಿ ಹಿಂಡನ್ನು ಬೆದರಿಸಿರಿ, ಚರೆ ತುಂಬಬೇಡಿರಿ.