ಪಿಕಪ್ ಗಾಡಿಯ ಸ್ಪೀಡ್ ಸೆನ್ಸರ್: ಎಲ್ಲಿರುತ್ತದೆ, ಹೇಗೆ ಪರೀಕ್ಷಿಸಬೇಕು?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೋಲಾರದ ಮಂಡಿಗೆ ಟೊಮೆಟೊ ಹೇರಿಕೊಂಡು ಹೋಗುವ ಪಿಕಪ್ ಗಾಡಿಗಳು ನಿಮ್ಮಲ್ಲಿ ಅನೇಕರ ಮನೆಯ ಮುಂದೆ ನಿಂತಿವೆ. ಅವುಗಳಲ್ಲಿ ಎಷ್ಟರ ಸ್ಪೀಡ್ ಮೀಟರಿನ ಮುಳ್ಳು ಏಳುತ್ತದೆ ಎಂದು ಕೇಳಿದರೆ ಕೆಲವರು ನಗುತ್ತೀರಿ. ಇದು ನಗುವ ಮಾತಲ್ಲ. ಮುಳ್ಳಿನೊಡನೆ ಕಿಲೋಮೀಟರ್ ಎಣಿಕೆಯೂ ನಿಂತಿತೆಂದರೆ ಎಂಜಿನ್ ಆಯಿಲ್ ಬದಲಿಸುವ ಕಾಲ ತಿಳಿಯದು, ಬಾಡಿಗೆಯ ಲೆಕ್ಕದಲ್ಲಿ ಜಗಳ ತಪ್ಪದು. ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದು ಕತ್ತಲೆಯಲ್ಲಿ ಕಣ್ಣಂದಾಜಿಗೆ ಸಿಗುವುದೂ ಇಲ್ಲ.

ನನಗೆ ಪರಿಚಯದ ರೈತರೊಬ್ಬರು ಮುಳ್ಳು ಏಳಲಿಲ್ಲವೆಂದು ಸಾವಿರಾರು ರೂಪಾಯಿ ಕೊಟ್ಟು ಹೊಸ ಮೀಟರನ್ನೇ ಹಾಕಿಸಿದರು. ಆಗಲೂ ಏಳಲಿಲ್ಲ. ಗಾಡಿಯ ಕೆಳಗಿನ ತಂತಿಯನ್ನು ಇಲಿ ಕಡಿದಿತ್ತು!

ಮೊದಲು ಇಷ್ಟನ್ನು ಗಮನಿಸಿ. ಕಿಲೋಮೀಟರ್ ಎಣಿಕೆ ನಡೆಯುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ ದೋಷ ಮೀಟರಿನಲ್ಲಿರಬಹುದು. ಎರಡೂ ನಿಂತಿದ್ದರೆ ಕೆಳಗಿನಿಂದ ಸುದ್ದಿಯೇ ಬರುತ್ತಿಲ್ಲವೆಂದು ತಿಳಿಯಿರಿ. ಮೀಟರಿನ ದೀಪಗಳೂ ಆರಿದ್ದರೆ ಫ್ಯೂಸ್ ನೋಡಿ.

ಹಳೆಯ ಗಾಡಿಗಳಲ್ಲಿ ಗೇರ್ ಬಾಕ್ಸಿನಿಂದ ಮೀಟರಿನವರೆಗೆ ತಿರುಗುವ ಕೇಬಲ್ ಇರುತ್ತಿತ್ತು. ಈಗ ಆ ಜಾಗದಲ್ಲಿ ಸೆನ್ಸರ್ ಬಂದಿದೆ. ಹಿಂದಿನ ಚಕ್ರ ಎಳೆಯುವ ಹಲವು ಪಿಕಪ್‌ಗಳಲ್ಲಿ ಅದು ಗೇರ್ ಬಾಕ್ಸಿನ ಬಾಲದಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ, ಒಂದು ಬೋಲ್ಟಿನಿಂದ ಕೂತಿರುತ್ತದೆ. ಹೆಬ್ಬೆರಳಿನ ಗಾತ್ರ, ಎರಡು ಅಥವಾ ಮೂರು ತಂತಿಯ ಪ್ಲಾಸ್ಟಿಕ್ ಕಪ್ಲರ್ ಅದಕ್ಕೆ ಸೇರಿರುತ್ತದೆ. ಅಲ್ಲಿ ಕಾಣದಿದ್ದರೆ ನಿಮ್ಮ ಗಾಡಿ ಚಕ್ರದ ಬಳಿಯ ಎಬಿಎಸ್ ಸೆನ್ಸರುಗಳಿಂದ ವೇಗ ತಿಳಿಯುವ ಮಾದರಿಯಿರಬಹುದು. ಅದನ್ನು ಸ್ಕ್ಯಾನರ್ ಇರುವ ವರ್ಕ್‌ಶಾಪಿಗೇ ಒಯ್ಯಿರಿ.

ಕಪ್ಲರ್ ಬಿಚ್ಚಿ ಕೆಸರು, ನೀರು, ಹಸಿರು ಕಿಲುಬು ಇದೆಯೇ ನೋಡಿ, ಒರೆಸಿ ಮತ್ತೆ ಗಟ್ಟಿಯಾಗಿ ಕೂಡಿಸಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ. ಸ್ಪೀಡ್ ಗವರ್ನರನ್ನು ಆಮೇಲೆ ಹಾಕಿಸಿದ್ದರೆ ಅದರ ತಂತಿಯನ್ನು ಸೆನ್ಸರಿನ ತಂತಿಗೆ ಸೇರಿಸಿದ ಗಂಟನ್ನೂ ನೋಡಿ. ಅದು ಸಡಿಲವಾದರೂ ಮೀಟರ್ ನಿಲ್ಲಬಹುದು. ಆದರೆ ಗವರ್ನರಿನ ಸೀಲಿಗೆ ಕೈಹಾಕಕೂಡದು.

ಇನ್ನು ಸೆನ್ಸರಿನ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ, ಹೇರು ಇಳಿಸಿದ ಗಾಡಿಯ ಮುಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ, ಹೌಸಿಂಗಿನ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕಿಯನ್ನು ನಂಬಿ ಕೆಳಗೆ ತೂರುವವರನ್ನು ನಾನು ಧೈರ್ಯವಂತರೆನ್ನಲಾರೆ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರವನ್ನೇ ಹಿಡಿಯುವುದರಿಂದ ಅದನ್ನು ಬಿಡಬೇಕಾಗುತ್ತದೆ. ಕಲ್ಲು ಕೊಡಿ ಎಂದದ್ದು ಅದಕ್ಕಾಗಿಯೇ. ಎಂಜಿನ್ ಚಾಲೂ ಮಾಡಬಾರದು, ಕೀಲಿ ಮಾತ್ರ ತಿರುಗಿಸಿ.

ಮೂರು ತಂತಿಯದಾದರೆ ಒಂದು ವಿದ್ಯುತ್ ತರುತ್ತದೆ, ಒಂದು ಅರ್ತಿಂಗ್, ಮೂರನೆಯದು ಸುದ್ದಿ ಒಯ್ಯುತ್ತದೆ. ಯಾವುದು ಯಾವುದೆಂದು ಮಾದರಿಯ ವೈರಿಂಗ್ ನಕ್ಷೆಯಿಂದಲೇ ತಿಳಿಯತಕ್ಕದ್ದು; ಬಣ್ಣ ನೋಡಿ ಊಹಿಸಬೇಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಮೊದಲೆರಡರ ನಡುವೆ ನೋಡಿದರೆ, ಮಾದರಿಗೆ ತಕ್ಕಂತೆ 5 ವೋಲ್ಟೋ 12 ವೋಲ್ಟೋ ಸಿಗಬೇಕು. ಸಿಗದಿದ್ದರೆ ಸೆನ್ಸರಿನ ತಪ್ಪಲ್ಲ, ತಂತಿಯನ್ನು ಹುಡುಕಿ. ಸಿಕ್ಕಿದರೆ, ಕಪ್ಲರ್ ಕೂಡಿಸಿದಂತೆಯೇ ಸುದ್ದಿಯ ತಂತಿಗೆ ಹಿಂಬದಿಯಿಂದ ಸಣ್ಣ ಪಿನ್ ತಾಗಿಸಿ, ಇನ್ನೊಬ್ಬರಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಿರಿ. ವೋಲ್ಟ್ ಏರುತ್ತ ಇಳಿಯುತ್ತ ಇರಬೇಕು. ಎರಡು ತಂತಿಯದು ತಾನೇ ವಿದ್ಯುತ್ ಹುಟ್ಟಿಸುವ ಬಗೆಯದು; ಮೀಟರನ್ನು ಎಸಿಗೆ ಇಟ್ಟು ಚಕ್ರವನ್ನು ರಭಸದಿಂದ ತಿರುಗಿಸಿದರೆ ಸ್ವಲ್ಪ ವೋಲ್ಟ್ ಕಾಣಬೇಕು.

ಏನೂ ಕಾಣದಿದ್ದರೂ ಸೆನ್ಸರನ್ನು ಬಿಸಾಡಬೇಡಿ. ಬೋಲ್ಟ್ ಬಿಚ್ಚಿ ಹೊರತೆಗೆಯಿರಿ. ಗೇರ್ ಆಯಿಲ್ ಸ್ವಲ್ಪ ಸೋರಿದರೆ ಹೆದರಬೇಕಾಗಿಲ್ಲ, ಕೆಳಗೆ ಡಬ್ಬ ಹಿಡಿಯಿರಿ. ಕೆಲವಕ್ಕೆ ತುದಿಯಲ್ಲಿ ಪ್ಲಾಸ್ಟಿಕ್ ಹಲ್ಲಿನ ಸಣ್ಣ ಪಿನಿಯನ್ ಇರುತ್ತದೆ. ಅದನ್ನು ಬೆರಳಿನಿಂದ ತಿರುಗಿಸಿದಾಗ ವೋಲ್ಟ್ ಆಡಿದರೆ ಸೆನ್ಸರ್ ಚೆನ್ನಾಗಿದೆ, ಸವೆದದ್ದು ಹಲ್ಲು. ಆಡದಿದ್ದರೆ ಮಾತ್ರ ಹೊಸ ಸೆನ್ಸರ್ ತನ್ನಿ. ಮತ್ತೆ ಕೂಡಿಸುವಾಗ ಹೊಸ ರಬ್ಬರ್ ಉಂಗುರ ಹಾಕಿ, ಸೋರಿದಷ್ಟು ಆಯಿಲ್ ತುಂಬಿಸಿ.

ಕೆಲಸ ಮುಗಿದ ಮೇಲೆ ರಸ್ತೆಯ ಕಿಲೋಮೀಟರ್ ಕಲ್ಲುಗಳ ನಡುವೆ ಮುಳ್ಳನ್ನು 40ರಲ್ಲಿ ನಿಲ್ಲಿಸಿ ಓಡಿಸಿ. ಪಕ್ಕದಲ್ಲಿ ಕುಳಿತವರು ಗಡಿಯಾರ ನೋಡಲಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸುಮಾರು 90 ಸೆಕೆಂಡ್ ಆಗಬೇಕು.