ಟ್ರ್ಯಾಕ್ಟರಿಗೆ ಯಾವ ಎಣ್ಣೆ, ಯಾವ ನೀರು?



ನಿಮ್ಮಲ್ಲಿ ಅನೇಕರ ಮನೆಯಲ್ಲಿ, ಇಲ್ಲವೇ ಅಜ್ಜಿಯ ಊರಿನಲ್ಲಿ ಟ್ರ್ಯಾಕ್ಟರ್ ಇರಬಹುದು. ಅದು ನಿಲ್ಲುವ ಜಾಗದ ಮೂಲೆಯಲ್ಲಿ ಎರಡು ಮೂರು ಎಣ್ಣೆ ಡಬ್ಬಗಳೂ ಇರುತ್ತವೆ. ಆ ಡಬ್ಬಗಳ ಮೇಲೆ ಏನು ಬರೆದಿದೆ ಎಂದು ನೀವು ಎಂದಾದರೂ ಓದಿದ್ದೀರಾ? ನಿಮ್ಮ ವಯಸ್ಸಿನಲ್ಲಿ ನಾನು ಓದಿರಲಿಲ್ಲ. ಅದರಿಂದ ಆದದ್ದನ್ನು ಮೊದಲು ಹೇಳುತ್ತೇನೆ.

ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲ. ಕೋಲಾರದ ಕಡೆಯ ನಮ್ಮೂರಿನಲ್ಲಿ ಚಿಕ್ಕಪ್ಪ ಸಾಲ ಮಾಡಿ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡಿದ್ದರು. ಅದರ ರೇಡಿಯೇಟರ್ ಸ್ವಲ್ಪ ಸೋರುತ್ತಿತ್ತು. ದಿನವೂ ಬೆಳಿಗ್ಗೆ ಕೊಳವೆ ಬಾವಿಯ ನೀರನ್ನು ಅದಕ್ಕೆ ಸುರಿಯಬೇಕಾಗಿತ್ತು. ರಜೆಯಲ್ಲಿ ಊರಿಗೆ ಹೋದಾಗ ಆ ಕೆಲಸ ನನ್ನದು. ಅದೇ ವರ್ಷ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಗಡಸು ನೀರಿನ ಬಗ್ಗೆ ಎರಡು ಪುಟ ಬರೆದಿದ್ದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟ್ ಆಗಿ ಬಾಯ್ಲರಿನ ಗೋಡೆಗೆ ಕಟ್ಟಿಕೊಳ್ಳುತ್ತದೆ, ಆ ಪದರ ಶಾಖವನ್ನು ಸರಿಯಾಗಿ ಹಾಯಗೊಡುವುದಿಲ್ಲ ಎಂದೆಲ್ಲ ಬರೆದಿದ್ದೆ. ಆದರೆ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಎಂಜಿನ್ನಿಗೂ ಇದೇ ಪಾಠ ಅನ್ವಯಿಸುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಜುಲೈ ತಿಂಗಳಲ್ಲಿ ಮಳೆ ಬಿದ್ದು ರಾಗಿ ಬಿತ್ತನೆಗೆ ಹದ ಬಂತು. ಎರಡನೆಯ ದಿನ ಉಳುಮೆಯ ನಡುವೆ ಎಂಜಿನ್ ಕಾದು ನಿಂತಿತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಬಿಚ್ಚಿ ನೋಡಿದರೆ ನೀರು ಓಡಾಡುವ ಜಾಗದಲ್ಲೆಲ್ಲ ಬಿಳಿಯ ಸುಣ್ಣದ ಪದರ! ರಿಪೇರಿ ಮುಗಿಯುವ ವೇಳೆಗೆ ಹೊಲದ ಹದ ಆರಿಹೋಗಿತ್ತು. ಚಿಕ್ಕಪ್ಪ ಬಯ್ಯಲಿಲ್ಲ. "ಇದು ನಿಮ್ಮ ಪುಸ್ತಕದಲ್ಲಿ ಇರಲಿಲ್ವೇನಪ್ಪಾ?" ಎಂದಷ್ಟೇ ಕೇಳಿದರು. ಇತ್ತು. ಅದಕ್ಕೇ ನನಗೆ ಉತ್ತರ ಹೇಳಲಾಗಲಿಲ್ಲ.

ಟ್ರ್ಯಾಕ್ಟರಿನ ಒಳಗೆ ಡೀಸೆಲ್ ಅಲ್ಲದೆ ಮುಖ್ಯವಾಗಿ ನಾಲ್ಕು ಬಗೆಯ ದ್ರವಗಳಿರಬಹುದು: ಎಂಜಿನ್ ಆಯಿಲ್, ಗೇರ್ ಮತ್ತು ಹೈಡ್ರಾಲಿಕ್ ಭಾಗದ ಎಣ್ಣೆ, ರೇಡಿಯೇಟರಿನ ಕೂಲೆಂಟ್ ಮತ್ತು ಕೆಲವು ಮಾದರಿಗಳಲ್ಲಿ ಬ್ರೇಕ್ ದ್ರವ. ನೋಡುವುದಕ್ಕೆ ಇವುಗಳಲ್ಲಿ ಕೆಲವು ಒಂದೇ ಥರ ಕಾಣುತ್ತವೆ. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಮೊದಲು ಎಂಜಿನ್ ಆಯಿಲನ್ನು ನೋಡೋಣ. ಡಬ್ಬದ ಮೇಲೆ ಎಸ್.ಎ.ಇ. 15 ಡಬ್ಲ್ಯು-40 ಎಂದಿರುತ್ತದೆ. ಎಸ್.ಎ.ಇ. ಎಂಬುದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ. ಎಣ್ಣೆಗಳನ್ನು ಅವುಗಳ ಸ್ನಿಗ್ಧತೆಗೆ ಅನುಸಾರವಾಗಿ ವಿಂಗಡಿಸುವ ಕ್ರಮವನ್ನು ಅದು 1911ರಲ್ಲಿ ಆರಂಭಿಸಿತು. ಸ್ನಿಗ್ಧತೆ ಎಂದರೆ ದ್ರವವು ಹರಿಯುವಾಗ ಒಡ್ಡುವ ಪ್ರತಿರೋಧ. ಬೆಲ್ಲದ ಪಾಕ ಬಿಸಿಯಾಗಿದ್ದಾಗ ಸಲೀಸಾಗಿ ಹರಿಯುತ್ತದೆ, ಆರಿದಾಗ ಸೌಟಿನಿಂದ ಇಳಿಯುವುದೇ ಇಲ್ಲ, ಅಲ್ಲವೇ? ಎಣ್ಣೆಯೂ ಹಾಗೆಯೇ. 'ಡಬ್ಲ್ಯು' ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. 15 ಎಂಬುದು ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂಬುದರ ದರ್ಜೆ. 40 ಎಂಬುದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ದರ್ಜೆ. ಇವೆರಡೂ ಉಷ್ಣಾಂಶದ ಡಿಗ್ರಿಗಳಲ್ಲ ಎಂಬುದನ್ನು ಗಮನಿಸಿ.

"ಎಣ್ಣೆ ಗಟ್ಟಿಯಾಗಿದ್ದಷ್ಟೂ ಎಂಜಿನ್ನಿಗೆ ಒಳ್ಳೆಯದು" ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಇದು ಪೂರ್ತಿ ನಿಜವಲ್ಲ. ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿದಾಗ ಎಣ್ಣೆ ಬೇಗನೆ ಬೇರಿಂಗುಗಳನ್ನು ತಲುಪಬೇಕು. ತೀರ ಗಟ್ಟಿಯಾದರೆ ತಡವಾಗುತ್ತದೆ, ಅಷ್ಟು ಹೊತ್ತು ಲೋಹಕ್ಕೆ ಲೋಹ ಉಜ್ಜುತ್ತದೆ. ತೀರ ತೆಳುವಾದರೆ ಕಾದಾಗ ಎಣ್ಣೆಯ ಪದರ ಒಡೆಯುತ್ತದೆ. ಆದ್ದರಿಂದ ತಯಾರಕರು ಹೇಳಿದ ದರ್ಜೆಯೇ ಸರಿಯಾದ ದರ್ಜೆ.

ಡಬ್ಬದ ಮೇಲೆ ಇನ್ನೊಂದು ಗುರುತೂ ಇರುತ್ತದೆ: ಎ.ಪಿ.ಐ. ಸಿ.ಎಚ್-4, ಸಿ.ಐ-4 ಎಂಬಂತೆ. 'ಸಿ' ಎಂದು ಆರಂಭವಾದರೆ ಡೀಸೆಲ್ ಎಂಜಿನ್ನಿಗೆ, 'ಎಸ್' ಎಂದು ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ. ಡೀಸೆಲ್ ಉರಿದಾಗ ಮಸಿಯೂ ಆಮ್ಲಗಳೂ ಹುಟ್ಟುತ್ತವೆ. ಡೀಸೆಲ್ ಎಂಜಿನ್ನಿನ ಎಣ್ಣೆಯಲ್ಲಿ ಆಮ್ಲವನ್ನು ತಟಸ್ಥಗೊಳಿಸುವ ಕ್ಷಾರಗುಣದ ವಸ್ತುಗಳಿರುತ್ತವೆ. ಮಸಿಯ ಕಣಗಳು ಒಟ್ಟುಗೂಡಿ ತಳಕ್ಕೆ ಕೂರದಂತೆ ಹಿಡಿದಿಡುವ ವಸ್ತುಗಳೂ ಇರುತ್ತವೆ. ಹಾಗಾಗಿ ಹೊಸ ಎಣ್ಣೆ ಬೇಗ ಕಪ್ಪಾದರೆ ಗಾಬರಿಯಾಗಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಗಾಬರಿಯಾಗಬೇಕಾದದ್ದು ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾದಾಗ. ಆಗ ಒಳಗೆ ನೀರು ಸೇರಿದೆ. ನಮ್ಮ ಚಿಕ್ಕಪ್ಪನ ಎಂಜಿನ್ನಿನಿಂದ ಅಂದು ಹೊರಬಂದ ಎಣ್ಣೆಯೂ ಹಾಗೆಯೇ ಇತ್ತು.

ಇನ್ನು ಗೇರ್ ಎಣ್ಣೆ. ಇದರ ಡಬ್ಬದ ಮೇಲೆ 90 ಎಂದಿದ್ದರೆ, ಎಂಜಿನ್ನಿನ 40ಕ್ಕಿಂತ ಇದು ಎರಡು ಪಟ್ಟು ಗಟ್ಟಿ ಎಂದು ತಿಳಿಯಬೇಡಿ. ಅಳತೆಗೋಲೇ ಬೇರೆ. ಗೇರ್ ಎಣ್ಣೆಯ 90ನೇ ದರ್ಜೆಯು ಸ್ನಿಗ್ಧತೆಯಲ್ಲಿ ಎಂಜಿನ್ ಎಣ್ಣೆಯ 40 ಮತ್ತು 50ನೇ ದರ್ಜೆಗಳ ಆಸುಪಾಸಿನಲ್ಲಿಯೇ ಇರುತ್ತದೆ. ವ್ಯತ್ಯಾಸ ಇರುವುದು ಅದರಲ್ಲಿ ಬೆರೆಸಿರುವ ರಾಸಾಯನಿಕಗಳಲ್ಲಿ.

ಇಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರುಗಳು, ನೇಗಿಲನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ವ್ಯವಸ್ಥೆ ಮತ್ತು ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳು ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತವೆ. ಈ ಮೂರರ ಬೇಡಿಕೆಯೂ ಬೇರೆ ಬೇರೆ. ಗೇರಿನ ಹಲ್ಲುಗಳಿಗೆ ಸವೆತ ತಡೆಯುವ ಪದರ ಬೇಕು. ಹೈಡ್ರಾಲಿಕ್ ಪಂಪಿಗೆ ಸರಾಗವಾಗಿ ಹರಿಯುವ, ನೊರೆ ಕಟ್ಟದ ಎಣ್ಣೆ ಬೇಕು. ನೀವು ಓದಿರುವ ಪ್ಯಾಸ್ಕಲನ ನಿಯಮದಂತೆ ಒತ್ತಡವನ್ನು ದ್ರವ ಎಲ್ಲೆಡೆಗೂ ಸಾಗಿಸಬೇಕು. ನಡುವೆ ಗಾಳಿಗುಳ್ಳೆ ಸೇರಿದರೆ ಅವು ಕುಗ್ಗುತ್ತವೆ, ನೇಗಿಲು ಸರಿಯಾಗಿ ಏಳುವುದಿಲ್ಲ. ಬ್ರೇಕಿಗೋ, ಘರ್ಷಣೆ ತೀರ ಕಡಿಮೆಯಾಗಕೂಡದು! ಹಾಗೆಂದೇ ಈ ಮೂರೂ ಕೆಲಸಕ್ಕೆ ಹೊಂದುವ ವಿಶೇಷ ಎಣ್ಣೆಯನ್ನು ತಯಾರಿಸುತ್ತಾರೆ. ಅದರ ಬದಲು ಬರಿಯ ಗೇರ್ ಎಣ್ಣೆ ಸುರಿದರೆ ಬ್ರೇಕ್ ಕಿರುಗುಟ್ಟುತ್ತದೆ, ಹಿಡಿತ ಕೆಡುತ್ತದೆ. ಕಬ್ಬು ತುಂಬಿದ ಟ್ರೈಲರನ್ನು ಎಳೆದುಕೊಂಡು ಇಳಿಜಾರಿನಲ್ಲಿ ಬರುವ ಚಾಲಕನಿಗೆ ಇದು ಹಣದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಬ್ರೇಕಿಗೆ ಪ್ರತ್ಯೇಕ ದ್ರವ ಇರುವ ಟ್ರ್ಯಾಕ್ಟರುಗಳಲ್ಲಿ ಇನ್ನೂ ಎಚ್ಚರ ಬೇಕು. ಕೆಲವಕ್ಕೆ ಗ್ಲೈಕಾಲ್ ಜಾತಿಯ ದ್ರವ, ಕೆಲವಕ್ಕೆ ಖನಿಜ ಎಣ್ಣೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ತೇವ ಹೀರಿದ ಮೇಲೆ ಅದು 140 ಡಿಗ್ರಿಯವರೆಗೂ ಇಳಿಯಬಹುದು. ಆದ್ದರಿಂದ ಮುಚ್ಚಳ ತೆರೆದಿಟ್ಟ ಹಳೆಯ ಬಾಟಲಿಯನ್ನು ಬಳಸಬಾರದು.

ಕೊನೆಗೆ ಕೂಲೆಂಟ್. ಬರಿಯ ನೀರಿನ ಬದಲು ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕುನಿರೋಧಕ ವಸ್ತುಗಳು ಬೆರೆತ ದ್ರವ ಹಾಕುವುದು ಉತ್ತಮ. ಅದರ ಕುದಿಬಿಂದು ನೀರಿಗಿಂತ ಹೆಚ್ಚು. ನೀರು ಬೆರೆಸಬೇಕಾದ ಕೂಲೆಂಟ್ ಆದರೆ ಬಟ್ಟಿ ಇಳಿಸಿದ ನೀರನ್ನೇ, ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬಣ್ಣ ನೋಡಿ ಆರಿಸಬೇಡಿ. ಹಸಿರು, ಕೆಂಪು ಎಲ್ಲ ಬೆರೆಸಿದ ಬಣ್ಣಗಳು, ಅವು ಗುಣವನ್ನು ಹೇಳುವುದಿಲ್ಲ. ಎರಡು ಎಚ್ಚರಿಕೆಗಳು: ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಲೇಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹಾಗೆಯೇ ಕೂಲೆಂಟ್ ರುಚಿಯಲ್ಲಿ ಸಿಹಿ, ಆದರೆ ವಿಷ. ಮಕ್ಕಳು, ದನಕರುಗಳು, ನಾಯಿಗಳು ಮುಟ್ಟದಂತೆ ಇಡಿ. ಹಳೆಯ ಎಣ್ಣೆಯನ್ನು ಕಾಲುವೆಗೋ ಹೊಲಕ್ಕೋ ಸುರಿಯಬೇಡಿ. ಡಬ್ಬದಲ್ಲಿ ಸಂಗ್ರಹಿಸಿ, ಅದನ್ನು ಮರುಸಂಸ್ಕರಣೆಗೆ ಕೊಳ್ಳುವವರಿಗೆ ತಲುಪಿಸಿ.

ಕೃಷಿ ಕಾರ್ಯಕ್ರಮಗಳ ಚಿತ್ರೀಕರಣಕ್ಕೆ ಹೋದಲ್ಲೆಲ್ಲ ನಾನೊಂದು ಪ್ರಶ್ನೆ ಕೇಳುತ್ತೇನೆ: "ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕ ಎಲ್ಲಿದೆ?" ಎಷ್ಟೋ ಮನೆಗಳಲ್ಲಿ ಅದು ಬೀರುವಿನಲ್ಲಿ, ಸಾಲದ ಕಾಗದಗಳ ಅಡಿಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಮಲಗಿರುತ್ತದೆ. ಯಾವ ಭಾಗಕ್ಕೆ ಯಾವ ದ್ರವ, ಎಷ್ಟು ಲೀಟರ್, ಎಷ್ಟು ಗಂಟೆ ಓಡಿದ ಮೇಲೆ ಬದಲಿಸಬೇಕು ಎಂಬುದೆಲ್ಲ ಅದರಲ್ಲಿದೆ. ಟ್ರ್ಯಾಕ್ಟರಿನ ಲೆಕ್ಕ ಕಿಲೋಮೀಟರಿನದಲ್ಲ, ಗಂಟೆಯದು. ಗಂಟೆಯ ಮೀಟರ್ ಚಾಲಕನ ಎದುರಿಗೇ ಇರುತ್ತದೆ.

ಈ ಭಾನುವಾರ ಒಂದು ಕೆಲಸ ಮಾಡಿ. ಆ ಪುಸ್ತಕವನ್ನು ಹೊರಗೆ ತೆಗೆಯಿರಿ. ತಂದೆಯವರನ್ನೋ ಚಾಲಕರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಒಂದು ರಟ್ಟಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆದು ಟ್ರ್ಯಾಕ್ಟರ್ ನಿಲ್ಲುವ ಗೋಡೆಗೆ ತೂಗುಹಾಕಿ. ನಾನು ಎರಡು ಪುಟ ಬರೆದು ಅಂಕ ಪಡೆದೆ. ನಿಮ್ಮ ಈ ನಾಲ್ಕು ಸಾಲಿಗೆ ಯಾರೂ ಅಂಕ ಕೊಡುವುದಿಲ್ಲ. ಆದರೆ ಮುಂಗಾರಿನಲ್ಲಿ ಹದ ಬಂದ ದಿನ ನಿಮ್ಮ ಮನೆಯ ಟ್ರ್ಯಾಕ್ಟರ್ ಹೊಲದ ನಡುವೆ ನಿಲ್ಲುವುದಿಲ್ಲ.