ಒಂದೇ ಕ್ಯಾನಿನ ಹಾಲು



ನಮ್ಮೂರ ಡೈರಿಗೆ ಐವತ್ತು ತುಂಬಿದ ನೆನಪಿಗೆ ಮಾಡಿರುವ ಈ ವಸ್ತುಪ್ರದರ್ಶನವನ್ನು ಉದ್ಘಾಟಿಸಲು ಕರೆದಿರಿ. ಟೇಪು ಕತ್ತರಿಸುವ ಮೊದಲೇ ಒಳಗೆ ಇಣುಕಿ ಬಂದೆ. ನೆಗ್ಗಿದ ನಲವತ್ತು ಲೀಟರಿನ ಕ್ಯಾನು, ಹೆಬ್ಬೆಟ್ಟು ತುಂಬಿದ ಬಟವಾಡೆ ಪುಸ್ತಕ, ಪಕ್ಕದಲ್ಲಿ ಒಂದು ಗಾಜಿನ ಲ್ಯಾಕ್ಟೋಮೀಟರು.

ಆ ಲ್ಯಾಕ್ಟೋಮೀಟರಿಗೂ ನನಗೂ ಹಳೇ ಲೆಕ್ಕವಿದೆ. ಆರನೇ ಕ್ಲಾಸಿನಲ್ಲಿದ್ದಾಗ ಗೋಲಿಯಾಟದ ಗದ್ದಲದಲ್ಲಿ ಅರ್ಧ ಹಾಲು ಚೆಲ್ಲಿ, ಬೋರಿನ ನೀರು ಸೇರಿಸಿ ತಂದಿದ್ದೆ. ನೀರು ಬೆರೆತ ಹಾಲಿನೊಳಗೆ ಲ್ಯಾಕ್ಟೋಮೀಟರು ಆಳಕ್ಕೆ ಇಳಿದೇ ಇಳಿಯಿತು. ಸೆಕ್ರೆಟರಿ ಬೈಯಲಿಲ್ಲ, ಪಾತ್ರೆ ವಾಪಸು ಕೊಟ್ಟರು. ಅವ್ವನೂ ಹೊಡೆಯಲಿಲ್ಲ. ಮೂರು ದಿನ ಡೈರಿಗೆ ತಾನೇ ಹೋದಳು.

ಡೈರಿ ಬರುವುದಕ್ಕೂ ಮೊದಲು ಹಾಲು ಮಾರುವುದೆಂದರೆ ಹಲವು ಮನೆಗಳಲ್ಲಿ ಮುಖ ಸಿಂಡರಿಸುತ್ತಿದ್ದರು. ಬೆಣ್ಣೆ, ತುಪ್ಪ ಸಂತೆಗೆ ಹೋಗುತ್ತಿತ್ತು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಶುರುಮಾಡಿದ ಸಹಕಾರಿ ಪದ್ಧತಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆಯ ಮೂಲಕ 1974ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ಈಗಿನ ಹಾಲು ಮಹಾಮಂಡಳದ ಬೇರು ಅಲ್ಲಿದೆ. ಹಾಗೆಂದು ಸಹಕಾರ ನಮಗೆ ಹೊಸತಾಗಿರಲಿಲ್ಲ. ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು 1905ರಲ್ಲಿ. ಅಲ್ಲಿ ಜನರನ್ನು ಸಾಲ ಕೂಡಿಸಿತು, ಇಲ್ಲಿ ಹಾಲು.

ಹಾಲು ಕೂಡಿಸಿದ ಬಗೆಯನ್ನು ಸ್ವಲ್ಪ ನೆನೆಯಿರಿ. ಕೇರಿಗೊಂದು ಬಾವಿ, ಹೋಟೆಲಿನಲ್ಲಿ ಬೇರೆ ಲೋಟ ಇದ್ದ ಕಾಲ ಅದು. ಡೈರಿಯಲ್ಲಿ ಮಾತ್ರ ಕ್ಯಾನು ಒಂದೇ. ಗೌಡರ ಮನೆಯ ಹಾಲಿನ ಮೇಲೆ ಕೇರಿಯ ಹಾಲು ಬೀಳುತ್ತಿತ್ತು. ಬಿದ್ದ ಮೇಲೆ ಯಾವುದು ಯಾರದು ಅಂತ ಬೇರ್ಪಡಿಸುವ ಯಂತ್ರ ಇನ್ನೂ ಬಂದಿಲ್ಲ. ಗೊಣಗಿದವರಿದ್ದರು. ಆದರೆ ಲಾರಿ ಬರುವ ಹೊತ್ತಿಗೆ ಹಾಲು ಹಾಕದಿದ್ದರೆ ದುಡ್ಡು ಹೋಗುತ್ತಿತ್ತಲ್ಲ, ಗೊಣಗಿಕೊಂಡೇ ಸಾಲಿನಲ್ಲಿ ನಿಂತರು. ಇದರಿಂದ ಜಾತಿ ಅಳಿಯಿತೆಂದು ನಾನು ಹೇಳಲಾರೆ, ಮದುವೆಮನೆಯ ಪಂಕ್ತಿ ನೋಡಿದವನು ನಾನು. ಆದರೂ ಭಾಷಣ ಮಾಡುವವರು ಯಾರೂ ಇಲ್ಲದೆ ದಿನಕ್ಕೆರಡು ಸಲ ಊರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಅರಳಿಕಟ್ಟೆಗೆ ಹೆಂಗಸರು ಬರುತ್ತಿರಲಿಲ್ಲ, ದೇವಸ್ಥಾನದೊಳಕ್ಕೆ ಎಲ್ಲರನ್ನೂ ಬಿಡುತ್ತಿರಲಿಲ್ಲ.

ಬೆಲೆಯೂ ಮುಖ ನೋಡಿ ಕೊಟ್ಟದ್ದಲ್ಲ. ಫ್ಯಾಟ್ ನೋಡಿ ಕೊಟ್ಟದ್ದು. ಎರಡು ಲೀಟರು ಹಾಕುವವರಿಗೂ ಒಂದೇ ಓಟು, ನಲವತ್ತು ಹಾಕುವವರಿಗೂ ಒಂದೇ ಓಟು. ಚುನಾವಣೆ ಬಂದಾಗ ಪಾರ್ಟಿ ಜಗಳ, ಬೋನಸ್ ಹಂಚುವಾಗ ಕೂಗಾಟ ಎಲ್ಲವನ್ನೂ ಈ ಅಂಗಳ ಕಂಡಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಲೆಕ್ಕ ಕೇಳುವ ಕೂಗಾಟ ನಿಂತುಹೋದ ಸಂಘಗಳ ಬಾಗಿಲಿಗೆ ಬೀಗ ಬಿದ್ದದ್ದನ್ನು ಸುತ್ತಮುತ್ತ ನೋಡಿದ್ದೇನೆ.

ಒಂದು ಮಾತು ಮಾತ್ರ ಒಳಗಿನ ಫೋಟೋಗಳನ್ನು ನೋಡಿ ಹೇಳಲೇಬೇಕೆನಿಸಿತು. ಗೋಡೆಯ ಮೇಲೆ ಐವತ್ತು ವರ್ಷದ ಆಡಳಿತ ಮಂಡಳಿಗಳ ಸಾಲು ಇದೆ. ಪಂಚೆ, ಪ್ಯಾಂಟು, ಟವೆಲ್ಲು. ಸೀರೆ ಹುಡುಕಿದೆ, ಕೊನೆಯ ಎರಡು ಫೋಟೋಗಳಲ್ಲಿ ಸಿಕ್ಕಿತು, ಅದೂ ಅಂಚಿನಲ್ಲಿ. ಸಗಣಿ ಬಾಚಿದವರು, ಹುಲ್ಲು ಹೊತ್ತವರು, ಕತ್ತಲಲ್ಲಿ ಎದ್ದು ಕರೆದವರು ಯಾರು? ಪಾಸ್‌ಬುಕ್ಕು ಯಾರ ಹೆಸರಲ್ಲಿದೆ? ನಮ್ಮವ್ವ ಮೂವತ್ತು ವರ್ಷ ಹಾಲು ಹಾಕಿದಳು. ಷೇರು ಅಪ್ಪನದು, ಓಟೂ ಅಪ್ಪನದೇ. ರಾಜ್ಯದಲ್ಲಿ ಹೆಂಗಸರೇ ನಡೆಸುವ ಹಾಲಿನ ಸಂಘಗಳು ಬಹಳ ಹಿಂದೆಯೇ ಬಂದಿವೆ. ಹಾಗಾಗಿ ಷೇರು, ಓಟು ಹೆಂಗಸರ ಹೆಸರಿಗೆ ಬರುವುದು ಆಗದ ಕೆಲಸವೇನಲ್ಲ.

ಪ್ರದರ್ಶನ ಮೂರು ದಿನ ಇರುತ್ತದಂತೆ. ಬಾಗಿಲ ಬಳಿ ಒಂದು ಮೇಜು ಹಾಕಿ ಸದಸ್ಯತ್ವದ ಅರ್ಜಿ ಇಡಬೇಕೆಂದು ಸೆಕ್ರೆಟರಿಯವರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ನೋಡಲು ಬರುವ ಗಂಡಸರು ಮನೆಯಲ್ಲಿ ಹಾಲು ಕರೆಯುವವರನ್ನೂ ಕರೆದುಕೊಂಡು ಬನ್ನಿ. ಷೇರಿನ ದುಡ್ಡು ನೀವು ಕೊಡಿ, ಸಹಿ ಅವರು ಹಾಕಲಿ.